ಪಂತಿಯೂಟದ ಪಜೀತಿ: ದೇವರಾಯನಿಂದ ಪಟಮಟದವರೆಗೆ

ಮೊನ್ನೆ ಆಷಾಢದಲ್ಲಿ ನನಗೆ ಅರವತ್ತು ತುಂಬಿತು. ಶಾಂತಿ, ಹೋಮ ಅಂತೆಲ್ಲ ಗಲಾಟೆ ಬೇಡ, ಬೇಕಾದವರು ಇಪ್ಪತ್ತು ಜನರನ್ನು ಕರೆದು ಒಂದು ಊಟ ಹಾಕೋಣ ಸಾಕು ಅಂದೆ. ಹೇಳುವುದು ಸುಲಭ ನೋಡಿ. ರಾತ್ರಿ ನಮ್ಮ ಮನೆಯವಳು ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಅದರ ಹಿಂದೆ ಒಂದು ಪಟ್ಟಿ ಬರೆದು ನನ್ನ ಮುಂದಿಟ್ಟಳು. "ಇವರಿಗೆಲ್ಲ ಒಂದೇ ಅಡುಗೆ ಮಾಡೋದು ಹೇಗೆ ಅಂತ ನೀವೇ ಹೇಳಿ" ಅಂದಳು.

ಪಟ್ಟಿ ಹೀಗಿತ್ತು. ತೀರ್ಥಹಳ್ಳಿ ಕಡೆಯಿಂದ ಬರುವ ನಮ್ಮ ಚಿಕ್ಕಪ್ಪ, ಎಂಬತ್ತನಾಲ್ಕು ವರ್ಷ, ಚಾತುರ್ಮಾಸ್ಯದ ಶಾಕವ್ರತ ಬಿಟ್ಟವರಲ್ಲ. ಬೆಜವಾಡದ ಬಟ್ಟೆ ವ್ಯಾಪಾರಿ ಜೈನ ದಂಪತಿ, ಈರುಳ್ಳಿ ಬೆಳ್ಳುಳ್ಳಿ ಆಲೂಗಡ್ಡೆ ಮುಟ್ಟುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಊಟವೂ ಇಲ್ಲ. ಪಕ್ಕದ ಮನೆಯ ಮುಸ್ಲಿಂ ಮೇಷ್ಟ್ರು, ಮಾಂಸವಾದರೆ ಹಲಾಲ್ ಆಗಿರಬೇಕು. ಎದುರುಮನೆಯ ಚೌದರಿಗಾರು, ಕೋಳಿ ಕೂರ ಇಲ್ಲದ್ದನ್ನು ಅವರು ಊಟ ಅಂತ ಕರೆಯುವುದೇ ಇಲ್ಲ. ಸಕ್ಕರೆ ಕಾಯಿಲೆಯ ಭಾವ. ಗೋಧಿ ತಿಂದರೆ ಹೊಟ್ಟೆ ಕೆಡುವ ಸೊಸೆ. ಹಾಲು ತುಪ್ಪವನ್ನೂ ಬಿಟ್ಟು ವೀಗನ್ ಆಗಿರುವ ಮಗನ ಸ್ನೇಹಿತ. ಪಟ್ಟಿಯ ಕೊನೆಗೆ ನನ್ನ ಹಳೇ ಆಫೀಸಿನ ಅಕೌಂಟ್ಸ್ ಸಹೋದ್ಯೋಗಿಯ ಹೆಸರು. ಅವರ ಮುಂದೆ ಏನೂ ಬರೆದಿರಲಿಲ್ಲ. ಅವರು ಎಲ್ಲಾ ತಿನ್ನುತ್ತಾರೆ. ಆದರೆ ಪಟ್ಟಿಯಲ್ಲಿ ನನಗೆ ಕಷ್ಟವಾಗಿದ್ದು ಅವರೊಬ್ಬರೇ.

ಅದಕ್ಕೆ ಕಾರಣ ಹೇಳಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ನಾನು ಮಲೆನಾಡು ಬಿಟ್ಟು ಬೆಜವಾಡಕ್ಕೆ ಬಂದದ್ದು 1991ರಲ್ಲಿ. ಕೋಳಿ ಆಹಾರ ಮಾಡುವ ಒಂದು ಕಂಪನಿಯಲ್ಲಿ ಕೆಲಸ. (ಮೊಟ್ಟೆ ಮುಟ್ಟದ ಮನೆಯ ಹುಡುಗ ಕೋಳಿಯ ಊಟದ ಲೆಕ್ಕ ಬರೆದು ಸಂಸಾರ ಸಾಕಿದೆ, ನಗಬೇಡಿ.) 2004ರಲ್ಲಿ ಊರಿಂದ ಇಪ್ಪತ್ತು ಕಿಲೋಮೀಟರು ಆಚೆ, ಕಲ್ಕತ್ತಾ ಹೆದ್ದಾರಿಯ ಮೇಲಿರುವ ಗನ್ನವರಂನಲ್ಲಿ ಸ್ವಂತ ಮನೆ ಕಟ್ಟಿಸಿದೆ. ಗನ್ನವರಂ ಅಂದರೆ ಹೊರಗಿನವರಿಗೆ ವಿಮಾನ ನಿಲ್ದಾಣ ಅಷ್ಟೇ. ನಮಗೆ ಅದು ಊರು. ಗೃಹಪ್ರವೇಶಕ್ಕೆ ಊರಿಂದ ಅಮ್ಮ, ದೊಡ್ಡಮ್ಮ, ಅಡುಗೆ ಭಟ್ಟರು ಎಲ್ಲ ಬಂದಿದ್ದರು. ಹಿಂದಿನ ದಿನ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಿನ್ನ ಆಫೀಸಿನವರಿಗೆ ಹಿತ್ತಲಲ್ಲಿ ಶಾಮಿಯಾನದ ಕೆಳಗೆ ಟೇಬಲ್ ಹಾಕ್ಸು ಮಾರಾಯ. ಒಳಗೆ ನಮ್ಮವರ ಪಂಕ್ತಿ ಆಗ್ಲಿ. ಅವರಿಗೂ ಅದೇ ಆರಾಮ" ಅಂದರು. ನಾನು ಹೂಂ ಅಂದೆ. ಅವರಿಗೂ ಅದೇ ಆರಾಮ ಅಂತ ನನಗೂ ಅನ್ನಿಸಿತು, ಅಥವಾ ಹಾಗೆ ಅನ್ನಿಸಿಕೊಂಡೆ.

ಈ ಸಹೋದ್ಯೋಗಿ ಗುಡಿವಾಡ ಕಡೆಯವರು, ದಲಿತರು. ಬಂದರು, ಹಿತ್ತಲಲ್ಲಿ ಕೂತರು, ಒಂದು ಲಾಡು ತಿಂದು ಎದ್ದರು. ಮಾರನೇ ದಿನ ಆಫೀಸಿನಲ್ಲಿ, "ಭೋಜನಂ ಬಾಗುಂದಿ ಸಾರ್" ಅಂದರು. ಊಟ ಚೆನ್ನಾಗಿತ್ತು. ಆಮೇಲೆ ಲೆಡ್ಜರಿನಿಂದ ತಲೆ ಎತ್ತದೆ ಒಂದು ಪ್ರಶ್ನೆ ಕೇಳಿದರು: "ಒಳಗೂ ಅದೇ ಸಾರಲ್ವಾ ಸಾರ್?"

ಹೌದು, ಒಳಗೂ ಅದೇ ಸಾರು. ಅದೇ ಭಟ್ಟರು, ಅದೇ ಕೊಪ್ಪರಿಗೆ. ನಾನು ಉತ್ತರ ಕೊಡಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ. ಆಮೇಲೆ ಹತ್ತು ವರ್ಷ ಒಂದೇ ರೂಮಿನಲ್ಲಿ ಕೆಲಸ ಮಾಡಿದೆವು, ನಮ್ಮನೆಗೆ ಅವರು ಮತ್ತೆ ಬರಲಿಲ್ಲ.

ಈಗ ಅರವತ್ತರ ಊಟಕ್ಕೆ ಮೆನು ಯೋಚಿಸುತ್ತಾ ಕೂತಾಗ ಆ ಪ್ರಶ್ನೆಯೇ ತಲೆಯಲ್ಲಿ ಕೊರೆಯತೊಡಗಿತು. ರಿಟೈರ್ ಆದವನಿಗೆ ಕೆಲಸ ಏನಿದೆ? ಪುಸ್ತಕದ ಕಪಾಟು ತೆಗೆದೆ. ನಮ್ಮ ಹಿಂದಿನವರು ಬೇರೆ ಬೇರೆ ಊಟದ ಅತಿಥಿಗಳನ್ನು ಹೇಗೆ ಸಂಭಾಳಿಸಿದರು ಅಂತ ನೋಡೋಣ ಅಂದುಕೊಂಡೆ. ಸಿಕ್ಕಿದ್ದನ್ನು ನಿಮಗೂ ಬಡಿಸುತ್ತೇನೆ.

ಮೊದಲನೆಯದಾಗಿ, ಕನ್ನಡ ನಾಡಿನಲ್ಲಿ ಒಂದೇ ಬಗೆಯ ಊಟ ಅಂತ ಯಾವತ್ತೂ ಇರಲಿಲ್ಲ. 1025ರ ಸುಮಾರಿಗೆ ಎರಡನೇ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೇ ಒಂದು ಅಧ್ಯಾಯ ಇದೆ, ಎಲ್ಲ ಸಸ್ಯಾಹಾರ. 1500ರ ಆಸುಪಾಸಿನ ಮೂರನೇ ಮಂಗರಸನ 'ಸೂಪಶಾಸ್ತ್ರ'ವೂ ಹಾಗೇ. ಮಂಗರಸ ಜೈನ, ಷಟ್ಪದಿಯಲ್ಲಿ ಅಡುಗೆ ಹೇಳಿಕೊಟ್ಟವನು. ಬದನೆಕಾಯಿ ಒಂದನ್ನೇ ಎಷ್ಟೆಷ್ಟು ತರಹ ಮಾಡಬಹುದು ಅಂತ ಅವನಲ್ಲಿ ನೋಡಬೇಕು. ಇವೆರಡರ ನಡುವೆ, 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅದರ ಅನ್ನಭೋಗದ ಭಾಗದಲ್ಲಿ ಇಡ್ಡರಿಕಾ, ಧೋಸಕ, ವಟಕ ಎಲ್ಲ ಬರುತ್ತವೆ, ನಮ್ಮ ಇಡ್ಲಿ ದೋಸೆ ವಡೆಯ ಮುತ್ತಜ್ಜಿಯರು. ಅದೇ ಪುಟಗಳಲ್ಲಿ ಹಂದಿಯನ್ನು ಸುಡುವ ಕ್ರಮ, ಗದ್ದೆಯ ಇಲಿಯನ್ನು ಹುರಿಯುವ ಕ್ರಮವೂ ಇವೆ. ಒಂದೇ ನಾಡು, ಒಂದೇ ಭಾಷೆಯ ಜನ, ಒಬ್ಬನ ಹಬ್ಬದೂಟ ಇನ್ನೊಬ್ಬನಿಗೆ ನಿಷಿದ್ಧ. ನಮ್ಮ ಕ್ಯಾಲೆಂಡರಿನ ಹಿಂದಿನ ಪಟ್ಟಿಗೆ ಒಂಬೈನೂರು ವರ್ಷದ ಇತಿಹಾಸ ಇದೆ ಅಂತಾಯ್ತು.

ಆದರೆ ಇವು ಅಡುಗೆಯ ಪುಸ್ತಕಗಳು. ಹಂದಿ ತಿನ್ನುವವನೂ ಗೆಡ್ಡೆ ತಿನ್ನದವನೂ ಒಂದೇ ಮನೆಗೆ ಬಂದರೆ ಏನು ಮಾಡಬೇಕು ಅನ್ನುವುದಕ್ಕೆ ಅಲ್ಲಿ ಉತ್ತರ ಸಿಗಲಿಲ್ಲ. ಅದು ಸಿಕ್ಕಿದ್ದು ಒಬ್ಬ ಪರದೇಶಿಯ ಡೈರಿಯಲ್ಲಿ.

1443ರಲ್ಲಿ ಹೆರಾತಿನ ಸುಲ್ತಾನ ಶಾರೂಖನ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. (ಈ ಶಾರೂಖ್ ತೈಮೂರನ ಮಗ, ಸಿನಿಮಾದವರಲ್ಲ.) ಮಂಗಳೂರಿನ ಮೇಲೆ ಹಾದು, ಘಟ್ಟ ಹತ್ತಿ ಬಂದವನು. ಆಗ ಸಿಂಹಾಸನದಲ್ಲಿ ಇದ್ದವನು ಎರಡನೇ ದೇವರಾಯ, ಅತಿಥಿ ಸತ್ಕಾರದಲ್ಲಿ ಕಡಿಮೆ ಮಾಡುವವನಲ್ಲ. ರಾಯಭಾರಿಯ ಬಿಡಾರಕ್ಕೆ ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ ಚಿನ್ನ ಹೋಗುತ್ತಿತ್ತು ಅಂತ ರಜಾಕನೇ ಬರೆದುಕೊಂಡಿದ್ದಾನೆ. ಪದಾರ್ಥ ನೋಡಿ, ಎಲ್ಲ ಹಸಿಯದ್ದೇ. ಬೇಯಿಸಿದ್ದು ಒಂದೂ ಇಲ್ಲ. ನಿನ್ನ ಕುರಿ ನೀನು ಕುಯ್ದುಕೋ, ನಿನ್ನ ಒಲೆಯಲ್ಲಿ ನೀನು ಬೇಯಿಸಿಕೋ.

ಅದಕ್ಕಿಂತ ಸೊಗಸಾದದ್ದು ಮುಂದಿದೆ. ಒಂದು ಸಲ ರಾಜನೇ ರಜಾಕನಿಗೆ ವಿಷಯ ಬಿಡಿಸಿ ಹೇಳುತ್ತಾನೆ. ನಿಮ್ಮ ಕಡೆಯ ಅರಸರು ರಾಯಭಾರಿಯನ್ನು ಜೊತೆಗೆ ಕೂರಿಸಿಕೊಂಡು ಉಣ್ಣುತ್ತಾರೆ, ನಾವು ನೀವು ಒಟ್ಟಿಗೆ ಉಣ್ಣುವ ಹಾಗಿಲ್ಲವಲ್ಲ, ಅದಕ್ಕೆ ಈ ಹಣದ ಚೀಲವೇ ನಾವು ನಿಮಗೆ ಹಾಕುವ ಔತಣ ಅಂದುಕೊಳ್ಳಿ, ಅನ್ನುವ ಅರ್ಥದಲ್ಲಿ. ಎಂಥಾ ಮರ್ಯಾದೆಯ ಮಾತು! ಮೊದಲ ಸಲ ಓದಿದಾಗ ನನಗೆ ದೇವರಾಯನ ಮೇಲೆ ಪ್ರೀತಿ ಉಕ್ಕಿತ್ತು. ಈ ಸಲ ಓದಿದಾಗ ಏನೋ ಚುಚ್ಚಿತು.

ಯಾಕೆ ಅಂದರೆ, ರಾಜನ ತಟ್ಟೆಯಲ್ಲಿ ಏನಿತ್ತು? ಸುಮಾರು ತೊಂಬತ್ತು ವರ್ಷದ ನಂತರ ಅದೇ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದ ಪ್ರಕಾರ, ಅಲ್ಲಿನ ಅರಸರು ದನದ ಮಾಂಸ ಒಂದು ಬಿಟ್ಟು ಕುರಿ, ಹಂದಿ, ಜಿಂಕೆ, ಮೊಲ, ಕೌಜುಗ, ಪಾರಿವಾಳ ಎಲ್ಲ ತಿನ್ನುತ್ತಿದ್ದರು. ಪೇಟೆಯಲ್ಲಿ ಇಲಿಯೂ ಸಿಗುತ್ತಿತ್ತಂತೆ. ಕುರಿ ಕೋಳಿ ರಾಜನಿಗೂ ಆಗುತ್ತೆ, ರಾಯಭಾರಿಗೂ ಆಗುತ್ತೆ. ಅಕ್ಕಿ ಬೆಣ್ಣೆ ಇಬ್ಬರಿಗೂ ಆಗುತ್ತೆ. ಆದರೂ ಒಟ್ಟಿಗೆ ಉಣ್ಣುವ ಹಾಗಿಲ್ಲ. ಅಡ್ಡ ಬಂದದ್ದು ತಿನಿಸಲ್ಲ, ಪಕ್ಕದಲ್ಲಿ ಕೂರುವ ಮನುಷ್ಯ. ಒಳಗೂ ಅದೇ ಸಾರಲ್ವಾ ಸಾರ್, ಅಂತ ರಜಾಕ್ ಕೇಳಲಿಲ್ಲ. ಅವನಿಗೆ ಚಿನ್ನದ ಚೀಲ ಸಿಕ್ಕಿತ್ತು. ನಮ್ಮ ಅಕೌಂಟ್ಸಿನವರಿಗೆ ಸಿಕ್ಕಿದ್ದು ಬರೀ ಶಾಮಿಯಾನ.

ವಿಜಯನಗರ ಎಲ್ಲೋ ದೂರದ್ದು ಅಂದುಕೊಳ್ಳಬೇಡಿ, ಅದು ನಮ್ಮ ಗನ್ನವರಂ ಬಾಗಿಲಿಗೂ ಬಂದಿತ್ತು. 1515ರಲ್ಲಿ ಕೃಷ್ಣದೇವರಾಯ ಕೊಂಡವೀಡು ಗೆದ್ದ, ಆಮೇಲೆ ಬೆಜವಾಡದ ಪಕ್ಕದ ಕೊಂಡಪಲ್ಲಿ. (ನಮ್ಮ ಚಿಕ್ಕಪ್ಪ ಯಶವಂತಪುರದಿಂದ ಹತ್ತಿ ಬಂದ ರೈಲಿನ ಹೆಸರೂ ಕೊಂಡವೀಡು ಎಕ್ಸ್‌ಪ್ರೆಸ್. ಕನ್ನಡ ರಾಯರು ಈಗಲೂ ಅದೇ ದಾರಿಯಲ್ಲಿ ಬರುತ್ತಾರೆ!) ಘಂಟಸಾಲದ ಹತ್ತಿರದ ಶ್ರೀಕಾಕುಳಂ ಅನ್ನುವ ಹಳ್ಳಿ, ಉತ್ತರದ ಶ್ರೀಕಾಕುಳಂ ಜಿಲ್ಲೆಯಲ್ಲ, ಇದು ನಮ್ಮ ಕೃಷ್ಣಾ ತೀರದ್ದು. ಅಲ್ಲಿನ ಆಂಧ್ರ ವಿಷ್ಣುವಿನ ಗುಡಿಯಲ್ಲಿ ದೇವರು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆ ಅಂದನಂತೆ. ತನ್ನನ್ನು ತೆಲುಗು ರಾಯ ಅಂತಲೂ ಅರಸನನ್ನು ಕನ್ನಡ ರಾಯ ಅಂತಲೂ ಕರೆದು ಮಾತಾಡುತ್ತಾನೆ ದೇವರು. ಹಾಗೆ ಹುಟ್ಟಿದ್ದು 'ಆಮುಕ್ತಮಾಲ್ಯದ'. ಇಲ್ಲಿಗೆ ವಲಸೆ ಬಂದ ನನ್ನಂಥ ಕನ್ನಡಿಗರಿಗೆ ಅದು ಒಂಥರಾ ಮನೆದೇವರ ಕಥೆ.

ಆ ಕಾವ್ಯದಲ್ಲಿ ವಿಷ್ಣುಚಿತ್ತ ದಾರಿಹೋಕ ವೈಷ್ಣವರಿಗೆ ಊಟ ಹಾಕುವ ಭಾಗ ಇದೆ. ಕಾಲಕ್ಕೆ ತಕ್ಕ ಹಾಗೆ ಅಡುಗೆ ಬದಲಾಗುತ್ತದೆ. ಮಳೆಗಾಲದಲ್ಲಿ ಸೌದೆ ಒದ್ದೆಯಾಗಿರುತ್ತಲ್ಲ, ತೆಂಗಿನ ಚಿಪ್ಪು ಉರಿಸಿ ಬಿಸಿ ಅನ್ನ, ಬೇಳೆ, ನಾಲ್ಕಾರು ಪಲ್ಯ, ಒಣಗಿಸಿಟ್ಟ ತರಕಾರಿಯ ವರುಗು, ಮೊಸರು. ಬೇಸಿಗೆಗೆ ಉಗುರುಬೆಚ್ಚಗಿನ ಅನ್ನ, ತಿಳಿ ಚಾರು, ಮಜ್ಜಿಗೆ, ಕಬ್ಬಿನ ಹಾಲು, ಎಳನೀರು. ಚಳಿಗೆ ಮೆಣಸಿನ ಖಾರ, ಬಿಸಿ ತುಪ್ಪ. ಬಂದವನ ಹಸಿವು ಮಾತ್ರ ಅಲ್ಲ, ಅವನ ಮೈಗೆ ಇವತ್ತು ಏನು ಹಿತ ಅಂತ ಯೋಚಿಸಿ ಬಡಿಸುವ ಯಜಮಾನ. ದಂಡು ಕಟ್ಟಿಕೊಂಡು ರಾಜ್ಯ ಗೆದ್ದ ಅರಸ ಅನ್ನ ಬಡಿಸುವುದನ್ನು ಇಷ್ಟು ಹತ್ತಿರದಿಂದ ಗಮನಿಸಿದ್ದನಲ್ಲ ಅಂತ ನನಗೆ ಆಶ್ಚರ್ಯ. ಆದರೆ ಅಲ್ಲಿಯ ಅತಿಥಿಗಳೆಲ್ಲ ಒಂದೇ ಮತದವರು. ಯಜಮಾನನಿಗೆ ನನ್ನ ಪಜೀತಿ ಇರಲಿಲ್ಲ.

ಪಂತಿಯಲ್ಲಿ ಯಾರ ಪಕ್ಕ ಯಾರು ಅನ್ನುವುದನ್ನೇ ಕೇಳಿದವರು ಅದಕ್ಕೂ ಮೊದಲೇ ಇದ್ದರು, ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ. ಅಸ್ಪೃಶ್ಯನೆನಿಸಿದ ಶಿವನಾಗಮಯ್ಯನ ಜೊತೆ ಬಸವಣ್ಣ ಒಡನಾಡಿದ್ದಕ್ಕೆ ಬಿಜ್ಜಳನ ಹತ್ತಿರ ದೂರು ಹೋದ ಕಥೆ ಪಾಲ್ಕುರಿಕೆ ಸೋಮನಾಥನ ತೆಲುಗು 'ಬಸವಪುರಾಣ'ದಲ್ಲಿದೆ. ಅದನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ. ನಮ್ಮ ಬಸವಣ್ಣನ ಕಥೆ ತೆಲುಗಿನಿಂದ ನಮಗೆ ವಾಪಸ್ ಬಂತು ಅನ್ನುವುದು ಇಲ್ಲಿರುವ ನಮ್ಮಂಥವರಿಗೆ ನೆನಪಿಡಬೇಕಾದ ವಿಷಯ.

ಇನ್ನು ರೈಲಿನ ಕಾಲಕ್ಕೆ ಬರೋಣ. ಬೆಜವಾಡ ದೊಡ್ಡ ಜಂಕ್ಷನ್. ಬ್ರಿಟಿಷರ ಕಾಲದ ಮದ್ರಾಸ್ ಪ್ರಾಂತ್ಯದ ರೈಲು ನಿಲ್ದಾಣಗಳಲ್ಲಿ ಊಟದ ಕೋಣೆಗೆ ಬ್ರಾಹ್ಮಣರಿಗೆ, ಉಳಿದವರಿಗೆ ಅಂತ ಬೇರೆ ಬೇರೆ ಬೋರ್ಡು ಇರುತ್ತಿತ್ತು. ಪೆರಿಯಾರ್ ಅದರ ವಿರುದ್ಧ ಗಲಾಟೆ ಎಬ್ಬಿಸಿ, 1941ರಲ್ಲಿ ಆ ಭೇದ ತೆಗೆಯಬೇಕಾಯಿತು. ನಮ್ಮ ಉಡುಪಿ ಹೋಟೆಲುಗಳ ಕಥೆಯೂ ಹೀಗೇ. ಇವತ್ತು ನಾವು ಎದೆಯುಬ್ಬಿಸಿ ಹೇಳುತ್ತೇವೆ, ಕಾಸು ಕೊಟ್ಟವರಿಗೆಲ್ಲ ಒಂದೇ ಟೇಬಲ್ಲು, ಒಂದೇ ಲೋಟ ಅಂತ. ಮೊದಮೊದಲಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗೆ ಬೇರೆ ಜಾಗ ಇತ್ತು ಅನ್ನುವುದನ್ನು ಹೇಳುವುದಿಲ್ಲ. ಇಲ್ಲೂ ಅಷ್ಟೇ ನೋಡಿ, ಒಳಗೂ ಹೊರಗೂ ಅದೇ ಸಾಂಬಾರು.

ಇಷ್ಟು ಓದಿದ ಮೇಲೆ ನನಗೆ ನೆನಪಾದದ್ದು ಮನೆಯಿಂದ ಅರ್ಧ ಗಂಟೆ ದಾರಿಯ ಪಟಮಟ. ಬೆಂಜ್ ಸರ್ಕಲ್ ಹತ್ತಿರ ಮೂವತ್ತು ವರ್ಷದಿಂದ ಬಸ್ಸಿನಲ್ಲಿ ಹಾದುಹೋಗುತ್ತಿದ್ದೆ, ನಾಸ್ತಿಕ ಕೇಂದ್ರದ ಬೋರ್ಡು ನೋಡುತ್ತಿದ್ದೆ, ಒಳಗೆ ಹೋದವನಲ್ಲ. ಅದನ್ನು ಕಟ್ಟಿದವರು ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್ (1902-1975). ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದವರು. ದೇವರಿಲ್ಲ ಅಂದದ್ದಕ್ಕೆ ಕಾಲೇಜಿನ ಕೆಲಸ ಹೋಯಿತು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ಹೆಂಡತಿ ಸರಸ್ವತಿಯವರ ಜೊತೆ ಕೇಂದ್ರ ಶುರು ಮಾಡಿದರು, 1947ರಲ್ಲಿ ಅದು ಪಟಮಟಕ್ಕೆ ಬಂತು. ಗಾಂಧೀಜಿಯ ಜೊತೆ ವಾದ ಮಾಡಿ ಅವರ ಸ್ನೇಹವನ್ನೂ ಗಳಿಸಿದವರು.

ಗೋರಾ ಮಾಡುತ್ತಿದ್ದ ಕೆಲಸಗಳಲ್ಲಿ ಒಂದು, ಹುಣ್ಣಿಮೆ ಹುಣ್ಣಿಮೆಗೆ ಸಹಪಂಕ್ತಿ ಭೋಜನ. ಎಲ್ಲ ಜಾತಿಯವರನ್ನೂ ಕರೆದು ಬೆಳದಿಂಗಳಲ್ಲಿ ಸಾಲಾಗಿ ಕೂರಿಸುವುದು. ತೆಲುಗಿನಲ್ಲಿ ಉಣ್ಣುವ ಸಾಲಿಗೆ ಬಂತಿ ಅಂತಾರೆ, ನಮ್ಮ ಪಂತಿಯೇ ಅದು. ಆಗಿನ ಹಳ್ಳಿಗಳಲ್ಲಿ ಅದು ಎಷ್ಟು ದೊಡ್ಡ ಎದೆಗಾರಿಕೆಯ ಕೆಲಸ ಅಂತ ಊರಿನ ಪಂಕ್ತಿಭೇದ ನೋಡಿ ಬೆಳೆದ ನನಗೆ ಗೊತ್ತು.

ಆಮೇಲೆ 1972ರ ಆಗಸ್ಟ್ 15, ಸ್ವಾತಂತ್ರ್ಯದ ಇಪ್ಪತ್ತೈದು ವರ್ಷದ ದಿನ, ಗೋರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಜವಾಡದಲ್ಲಿ ದನದ ಮಾಂಸ ಮತ್ತು ಹಂದಿ ಮಾಂಸವನ್ನು ಒಟ್ಟಿಗೆ ಇಟ್ಟು ಒಂದು ಸ್ನೇಹಕೂಟ. ಹಿಂದುವಾಗಿ ಹುಟ್ಟಿದವನೂ ಮುಸ್ಲಿಮನಾಗಿ ಹುಟ್ಟಿದವನೂ ತನ್ನ ನಿಷೇಧವನ್ನು ತಾನೇ ಮುರಿಯಲಿ, ಆಗ ನಡುವಿನ ಗೋಡೆ ಬೀಳುತ್ತದೆ ಅನ್ನುವ ಲೆಕ್ಕ.

ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೂ ಆ 1972ರ ಊಟ ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ಮಾಂಸ ಅಂತಲ್ಲ. ನಮ್ಮ ಪಕ್ಕದ ಮನೆ ಮೇಷ್ಟ್ರನ್ನು ಕರೆದು ಹಂದಿ ಇಟ್ಟರೆ, ಚಿಕ್ಕಪ್ಪನನ್ನು ಕರೆದು ಮೆಣಸಿನಕಾಯಿ ಸಾರು ಹಾಕಿದರೆ, ಅದು ಅತಿಥಿ ಸತ್ಕಾರ ಹೇಗಾಗುತ್ತೆ? ಅದು ಪರೀಕ್ಷೆ. ಪರೀಕ್ಷೆ ಬೇಕಾದ ಕಾಲ ಒಂದಿತ್ತು, ಆಸಕ್ತಿ ಇದ್ದವರು ತಾವಾಗಿಯೇ ಬಂದು ಬರೆದರು, ಸರಿ. ಮನೆಯ ಊಟಕ್ಕೆ ಆ ದಾರಿ ಅಲ್ಲ. ಜೊತೆಗೆ ಇನ್ನೊಂದು ಮಾತೂ ಇದೆ. ಸಹಭೋಜನ ಮಾಡಿದ ಮಾತ್ರಕ್ಕೆ ಜಾತಿ ಹೋಗುವುದಿಲ್ಲ ಅಂತ ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲೇ ಹೇಳಿಯಾಗಿದೆ. ಒಟ್ಟಿಗೆ ಉಂಡು ಎದ್ದು ಅವರವರ ಕೇರಿಗೆ ಹೋಗುವವರನ್ನು ಅವರು ಸಾಕಷ್ಟು ನೋಡಿದ್ದರು. ಗೋರಾಗೂ ಅದು ಗೊತ್ತಿತ್ತು ಅನ್ನಿಸುತ್ತೆ. ಮಗಳನ್ನು ದಲಿತ ಹುಡುಗನಿಗೆ ಕೊಟ್ಟು 1948ರಲ್ಲಿ ಸೇವಾಗ್ರಾಮದಲ್ಲಿ ಮದುವೆ ಮಾಡಿದರು. ಊಟ ಮೊದಲ ಹೆಜ್ಜೆ, ಕೊನೆಯದಲ್ಲ.

ನಮ್ಮ ಕಡೆಯದ್ದೇ ಒಂದು ಇತ್ತೀಚಿನ ಉದಾಹರಣೆ ಇದೆ. 2017ರ ಜೂನಿನಲ್ಲಿ ಉಡುಪಿ ಕೃಷ್ಣಮಠದಲ್ಲಿ ಪೇಜಾವರದ ವಿಶ್ವೇಶತೀರ್ಥರು ಮುಸ್ಲಿಮರಿಗೆ ಇಫ್ತಾರ್ ಕೂಟ ಏರ್ಪಡಿಸಿದರು. ಖರ್ಜೂರ, ಬಾಳೆಹಣ್ಣು, ಕಲ್ಲಂಗಡಿ. ಉಪವಾಸ ಬಿಡುವವರಿಗೆ ಖರ್ಜೂರ ಬೇಕು, ಮಠಕ್ಕೂ ಖರ್ಜೂರ ಆಗುತ್ತೆ. ಸ್ವಾಮಿಗಳು ತಮ್ಮ ಕೈಯಾರೆ ಕೊಟ್ಟರು. ಅದಕ್ಕೆ ಪ್ರತಿಭಟನೆಯೂ ಆಯಿತು. ಅದೇ ಮಠದಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಅನ್ನುವ ದೂರು ಅದಕ್ಕೂ ಮುಂಚಿನಿಂದ ಇದ್ದದ್ದೂ ನಿಜ. ಎರಡನ್ನೂ ಒಟ್ಟಿಗೆ ನೋಡಬೇಕು. ಇಬ್ಬರಿಗೂ ಆಗುವ ತಿನಿಸು ಹುಡುಕುವುದು ಕಷ್ಟವಲ್ಲ, ಒಂದು ಖರ್ಜೂರ ಸಾಕು. ಕಷ್ಟ ಇರುವುದು ಸಾಲಿನಲ್ಲಿ.

ನನಗೆ ಕೊನೆಗೆ ಹೊಳೆದದ್ದು ಇಷ್ಟೇ. ಒಬ್ಬರಿಗೆ ಆಗದ್ದನ್ನು ಅವರ ಎಲೆಗೆ ಹಾಕದೇ ಇರುವುದು ಆತಿಥ್ಯ. ಅವರನ್ನೇ ಬೇರೆ ಕಡೆ ಕೂರಿಸುವುದು ಪಂಕ್ತಿಭೇದ. ಎರಡಕ್ಕೂ ನಾವು 'ಅವರವರ ಪದ್ಧತಿ' ಅಂತ ಒಂದೇ ಹೆಸರು ಇಟ್ಟುಕೊಂಡು ಬಂದಿದ್ದೇವೆ. 2004ರಲ್ಲಿ ನಾನು ಮಾಡಿದ್ದು ಎರಡನೆಯದು, ಹೇಳಿದ ಹೆಸರು ಮೊದಲನೆಯದು.

ಸರಿ, ಮೆನು? ಅದನ್ನು ಬಿಡಿಸಿದ್ದು ನಮ್ಮ ಮನೆಯವಳು. "ಎಲ್ಲರಿಗಿಂತ ಕಟ್ಟುನಿಟ್ಟು ಯಾರದ್ದೋ ಅಲ್ಲಿಂದ ಶುರು ಮಾಡೋಣ" ಅಂದಳು. ಕಟ್ಟುನಿಟ್ಟು ಚಿಕ್ಕಪ್ಪನದ್ದು. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ಆಮೇಲೆ ಮೊಸರು ಬಿಡುವ ದಧಿವ್ರತ, ಹಾಲು ಬಿಡುವ ಕ್ಷೀರವ್ರತ, ಬೇಳೆಕಾಳು ಬಿಡುವ ದ್ವಿದಳವ್ರತ, ನಿಮಗೆ ಗೊತ್ತೇ ಇದೆ. ಶಾಕವ್ರತದಲ್ಲಿ ತರಕಾರಿ, ಸೊಪ್ಪು, ಮೆಣಸಿನಕಾಯಿ, ಹುಣಸೆ, ತೊಗರಿಬೇಳೆ ಯಾವುದೂ ಇಲ್ಲ. ಉಳಿದದ್ದು ಹೆಸರುಬೇಳೆ, ಉದ್ದು, ಕಾಳುಮೆಣಸು, ಜೀರಿಗೆ, ಮಾವಿನಕಾಯಿ. ಈಗ ನೋಡಿ ಮಜಾ. ಹೆಸರುಬೇಳೆ ತೊವ್ವೆಗೆ ಮೆಣಸು ಜೀರಿಗೆ ಹಾಕಿ, ಹುಳಿಗೆ ಮಾವು ಹಾಕಿದರೆ ಜೈನರಿಗೆ ಆಯ್ತು, ಗೆಡ್ಡೆ ಇಲ್ಲ. ತುಪ್ಪದ ಬದಲು ಎಣ್ಣೆ ಒಗ್ಗರಣೆ ಕೊಟ್ಟರೆ ವೀಗನ್ ಹುಡುಗನಿಗೆ ಆಯ್ತು. ಹಲಾಲಿನ ಪ್ರಶ್ನೆ ಏಳುವುದೇ ಇಲ್ಲ. ಸಿಹಿ ಇಲ್ಲ, ಭಾವನಿಗೂ ಪರವಾಗಿಲ್ಲ. ಸೊಸೆ ಮಾತ್ರ, "ಅತ್ತೆ, ಇಂಗು ಹಾಕಬೇಡಿ, ಡಬ್ಬಿ ಇಂಗಿಗೆ ಗೋಧಿ ಹಿಟ್ಟು ಸೇರಿಸಿರ್ತಾರೆ" ಅಂದಳು. ಡಬ್ಬಿ ತಿರುಗಿಸಿ ಓದಿದೆ, ಹೌದು! ಅರವತ್ತು ವರ್ಷ ಇಂಗು ತಿಂದವನಿಗೆ ಅದರಲ್ಲಿ ಗೋಧಿ ಇದೆ ಅಂತ ಗೊತ್ತಿರಲಿಲ್ಲ. ನಿಮ್ಮ ಮನೆಯ ಡಬ್ಬಿಯನ್ನೂ ಒಮ್ಮೆ ನೋಡಿ.

ಆಷಾಢದಲ್ಲಿ ಹಸಿ ಮಾವಿನಕಾಯಿ ಎಲ್ಲಿ? ಎದುರುಮನೆ ಚೌದರಿಗಾರು ನೂಜಿವೀಡಿನ ತಮ್ಮ ತೋಟದ ಮಾಮಿಡಿ ಒರುಗು ಒಂದು ಡಬ್ಬಿ ತುಂಬಾ ಕಳಿಸಿದರು. ಬೇಸಿಗೆಯಲ್ಲಿ ಹೆಚ್ಚಿ ಒಣಗಿಸಿಟ್ಟ ಮಾವು. ಒರುಗು ಅಂದ ಕೂಡಲೇ ಆಮುಕ್ತಮಾಲ್ಯದ ಮಳೆಗಾಲದ ವರುಗು ನೆನಪಾಯಿತು. ಕೃಷ್ಣದೇವರಾಯನ ಕಾಲದ ಪದಾರ್ಥ ನಮ್ಮ ತೊವ್ವೆಗೆ ಬಂತು. ಕೋಳಿ ಇಲ್ಲ ಅಂದಾಗ ಮುಖ ಸಣ್ಣ ಮಾಡಿದ್ದ ಅವರಿಗಾಗಿ ಉಲವಚಾರು ಮಾಡಿಸಿದೆವು. ಹುರುಳಿ ಕಟ್ಟನ್ನು ಗಂಟೆಗಟ್ಟಲೆ ಕುದಿಸಿದ ಅದು ಸಿಕ್ಕರೆ ಕೃಷ್ಣಾ ಜಿಲ್ಲೆಯವರು ಕೋಳಿಯನ್ನೂ ಕ್ಷಮಿಸುತ್ತಾರೆ. ಮಿಕ್ಕ ಕೂರ, ಪುಲಿಹೊರ, ಪಾಯಸ ಎಲ್ಲಕ್ಕೂ ಬೇರೆ ಬೇರೆ ಸೌಟು, ಪಾತ್ರೆಯ ಮೇಲೆ ಏನೇನಿದೆ ಅಂತ ತೆಲುಗಿನಲ್ಲಿ ಚೀಟಿ. ಊಟದ ಹೊತ್ತು ಸಂಜೆ ಐದೂವರೆ, ಸೂರ್ಯ ಮುಳುಗುವ ಮೊದಲು ಜೈನ ದಂಪತಿ ಎದ್ದರೆ ಸಾಕು. ಎಲ್ಲರಿಗೂ ಅದೇ ಹೊತ್ತು.

ಆಹ್ವಾನದ ಫೋನುಗಳಲ್ಲಿ ಒಂದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಗುಡಿವಾಡಕ್ಕೆ ಮಾಡಿದೆ. ಕುಶಲ ಕೇಳಿದ ಮೇಲೆ, 2004ರಲ್ಲಿ ನಾನು ಮಾಡಿದ್ದು ತಪ್ಪು, ನೀವು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳ್ತಿದೀನಿ, ಹೌದು ಒಳಗೂ ಅದೇ ಸಾರು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ, "ಎಷ್ಟು ಗಂಟೆಗೆ ಬರಬೇಕು ಸಾರ್?" ಅಂದರು.

ಚಿಕ್ಕಪ್ಪನ ಜೊತೆ ಮಾತಾಡುವುದು ಅದಕ್ಕಿಂತ ಕಷ್ಟವಾಯಿತು. ಅವರು ಮಡಿಯಲ್ಲಿ ತಮ್ಮ ಅಡುಗೆ ತಾವೇ ಮಾಡಿಕೊಳ್ಳುವವರು. "ನಿಮ್ಮ ಒಲೆ, ನಿಮ್ಮ ಪಾತ್ರೆ, ಯಾರೂ ಮುಟ್ಟಲ್ಲ. ಆದರೆ ಎಲೆ ಮಾತ್ರ ಎಲ್ಲರ ಸಾಲಿನಲ್ಲಿ ಹಾಕ್ತೀನಿ" ಅಂದೆ. ಅವರು ತುಂಬಾ ಹೊತ್ತು ಜಪದ ಮಣಿ ಎಣಿಸಿದರು. "ಅತ್ತಿಗೆ ಇದ್ದಿದ್ರೆ ಒಪ್ತಿರಲಿಲ್ಲ ಮಾರಾಯ" ಅಂದರು. "ಗೊತ್ತು ಚಿಕ್ಕಪ್ಪ" ಅಂದೆ. ಅಮ್ಮನ ಮೇಲೆ ಹೊರಿಸುವುದು ಸುಲಭ. ಹೂಂ ಅಂದವನು ನಾನು. ಮರುದಿನ ಬೆಳಿಗ್ಗೆ ಅವರು ಹೇಳಿದ್ದು ಇಷ್ಟು: "ಸಾಲಿನ ತುದಿಯಲ್ಲಿ ಹಾಕು. ನನಗೆ ಬೇಗ ಏಳಕ್ಕಾಗಲ್ಲ."

ಊಟ ಎಲ್ಲ ಸರಾಗ ಆಯ್ತು ಅಂತ ಹೇಳಲಾರೆ. ಅರ್ಧ ಜನ ಆರು ಗಂಟೆಗೆ ಬಂದರು, ಜೈನ ದಂಪತಿ ಗಡಿಯಾರ ನೋಡುತ್ತಾ ಗಬಗಬ ಉಂಡರು. ಪುಲಿಹೊರದ ಸೌಟು ಮೊಸರಿಗೆ ಹೋಯಿತು. ವೀಗನ್ ಹುಡುಗ ಪಾಯಸ ನೋಡಿ ನಿಟ್ಟುಸಿರು ಬಿಟ್ಟ, ಅವನಿಗೆ ಸಿಹಿ ಮಾಡುವುದನ್ನೇ ಮರೆತಿದ್ದೆವು. ಸಾಲಿನ ತುದಿಯಲ್ಲಿ ಚಿಕ್ಕಪ್ಪ, ತಮ್ಮ ಪಾತ್ರೆಯಿಂದ ತಾವೇ ಬಡಿಸಿಕೊಂಡು. ಅವರ ಪಕ್ಕದ ಎಲೆಯಲ್ಲಿ ಗುಡಿವಾಡದವರು. ಚಿಕ್ಕಪ್ಪನಿಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು. ಎರಡೂ ಎಲೆಯ ಮೇಲೆ ಅದೇ ಬಣ್ಣದ ತೊವ್ವೆ, ಒಂದೇ ಒರುಗು, ಒಲೆ ಮಾತ್ರ ಬೇರೆ. ಅವರು ಬಗ್ಗಿ ಚಿಕ್ಕಪ್ಪನ ಎಲೆ ನೋಡಿ, ತಮ್ಮ ಎಲೆ ನೋಡಿ, ಬಡಿಸು��್ತಿದ್ದ ನನ್ನ ಕಡೆ ತಿರುಗಿ, "ಇದು ಅದೇನಾ ಸಾರ್?" ಅಂದರು.

"ಅದೇ" ಅಂದೆ.

"ಹಾಗಾದರೆ ಇನ್ನೊಂದು ಸೌಟು ಹಾಕಿ" ಅಂದರು.

ನಿಮ್ಮಲ್ಲೂ ಹೀಗೆ ನಾಲ್ಕು ದಿಕ್ಕಿನ ಅತಿಥಿಗಳು ಬರುತ್ತಿರಬಹುದು, ಬೆಂಗಳೂರಿರಲಿ, ಬೋಸ್ಟನ್ ಇರಲಿ. ಯಾರಿಗೆ ಏನು ಆಗುವುದಿಲ್ಲ ಅಂತ ಕೇಳಿ ಬರೆದಿಟ್ಟುಕೊಳ್ಳಿ, ನಾಚಿಕೆ ಬೇಡ. ಎಲೆ ಹಾಕುವಾಗ ಮಾತ್ರ ಆ ಪಟ್ಟಿಯನ್ನು ಅಡುಗೆಮನೆಯಲ್ಲೇ ಬಿಟ್ಟು ಬನ್ನಿ.